ಭಾವನ ವಕೀಲರು

ವಕೀಲರನ್ನು ಬದಲಾಯಿಸಬೇಕು ಎಂದು ದಿಮ್ಮಿ ಬಾಯಿಬಿಟ್ಟ ದಿನವೇ ಅವನ ಮುಂದಿನ ಹಲ್ಲುಗಳೆರಡು ಜೈಲಿನ ನೀರಿನ ತೊಟ್ಟಿಗೆ ಬಡಿದು ಮುರಿದವು. ಬಡಿದವನು ಬೇರೆ ಯಾರೂ ಅಲ್ಲ, ಸ್ವಂತ ಅಕ್ಕನ ಗಂಡ. ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ಕುಕ್ಕರಗಾಲಲ್ಲಿ ಕುಳಿತಿದ್ದ ದಿಮ್ಮಿಯ ಹಿಂದಿನಿಂದ ಬಂದ ಭಾವ ಅವನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಮುಖವನ್ನು ಸಿಮೆಂಟಿನ ಅಂಚಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಲು ಎತ್ತಿದಾಗ ಸೋಪಿನ ನೊರೆಯಲ್ಲಿ ಕೂದಲು ಜಾರಿ ಕೈತಪ್ಪಿತು. ಇಲ್ಲದಿದ್ದರೆ ದಿಮ್ಮಿಯ ಕಥೆ ಅಲ್ಲೇ ಮುಗಿಯುತ್ತಿತ್ತು.

"ನಾನೇ ಸಾಕಿದ ನಾಯಿ, ನನಗೇ ಬಾಯಿ ಹಾಕುತ್ತಾ?" ಎಂದು ಭಾವ ಏದುಸಿರು ಬಿಡುತ್ತ ಕೇಳಿದ.

ದಿಮ್ಮಿ ರಕ್ತ ಉಗುಳಿದ. ಮನಸ್ಸು ಮಾಡಿದ್ದರೆ ಭಾವನನ್ನು ಎತ್ತಿ ಅದೇ ತೊಟ್ಟಿಯಲ್ಲಿ ಅದ್ದಬಹುದಿತ್ತು. ಸಾಮಿಲ್ಲಿನಲ್ಲಿ ಇಬ್ಬರು ಸೇರಿ ಹೊರುವ ಮರದ ದಿಮ್ಮಿಯನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಹೋಗುತ್ತಿದ್ದುದರಿಂದಲೇ ಅವನಿಗೆ ಆ ಹೆಸರು ಬಂದದ್ದು. ಆದರೆ ಅವನು ಕೈ ಎತ್ತಲಿಲ್ಲ. ಸಾಕಿದ್ದು ನಿಜವಾಗಿತ್ತು. ಅಪ್ಪ ಅಮ್ಮ ಇಲ್ಲದ ಅಕ್ಕ ತಮ್ಮ ಅವರು. ಮದುವೆಯ ಮಾತುಕತೆ ನಡೆದಾಗ ಅಕ್ಕ, "ನನ್ನ ಜೊತೆ ಇವನೂ ಬರ್ತಾನೆ, ಒಪ್ಪಿದ್ರೆ ಒಪ್ಪಿ" ಎಂದಿದ್ದಳು. ಬೇರೆ ಗಂಡುಗಳೆಲ್ಲ ಆ ಮಾತಿಗೆ ಜಾಗ ಖಾಲಿ ಮಾಡಿದ್ದರು. ಭಾವ ಮಾತ್ರ ನಕ್ಕು, "ಒಂದು ತಟ್ಟೆ ಹೆಚ್ಚಿಗೆ ಇಟ್ಟರಾಯ್ತು" ಎಂದಿದ್ದ. ಆ ತಟ್ಟೆಯಲ್ಲೇ ಉಂಡು ದಿಮ್ಮಿ ಈ ಎತ್ತರಕ್ಕೆ ಬೆಳೆದದ್ದು, ಭಾವನ ಬೆನ್ನಿಗೇ ಸಾಮಿಲ್ಲು ಸೇರಿದ್ದು.

ಸಾಮಿಲ್ಲಿನ ಮೇಸ್ತ್ರಿಯ ಬಾಯಿ ಕೆಟ್ಟದ್ದು, ಕೈ ಅದಕ್ಕಿಂತಲೂ ಕೆಟ್ಟದ್ದು. ಆ ದಿನ ಗರಗಸದ ಮುಂದೆ ನಿಂತಿದ್ದ ಭಾವ ಒಂದು ಹಲಗೆಯನ್ನು ಸೊಟ್ಟಗೆ ಕೊಯ್ದ. ಮೇಸ್ತ್ರಿ ಒಂದು ಮಾತೂ ಆಡದೆ ಪಕ್ಕದಲ್ಲಿದ್ದ ಉದ್ದನೆಯ ಮರದ ಪಟ್ಟಿ, ರೀಪನ್ನು ಎತ್ತಿ ಭಾವನ ಮುಖಕ್ಕೆ ಬೀಸಿದ. ರೀಪಿನಲ್ಲಿದ್ದ ಮೊಳೆ ಸಿಕ್ಕಿ ಕಿವಿ ಹರಿದು ಜೋತಾಡಿತು. ಮತ್ತೆ ಬೀಸಿದ. ಭಾವ ಕೆಳಗೆ ಬಿದ್ದ ಮೇಲೂ ಬೀಸಿದ.

ಲಾರಿಯಿಂದ ಮರ ಇಳಿಸುತ್ತಿದ್ದ ದಿಮ್ಮಿ ಹೆಗಲ ಮೇಲಿದ್ದುದನ್ನು ಅಲ್ಲೇ ಎಸೆದು ಓಡಿಬಂದ. ಮೇಸ್ತ್ರಿಯ ಕುತ್ತಿಗೆಪಟ್ಟಿ ಹಿಡಿದು ಮರದ ಹೊಟ್ಟಿನ ರಾಶಿಯ ಮೇಲೆ ಕೆಡವಿ, ಎದೆಯ ಮೇಲೆ ಕುಳಿತು ಗುದ್ದಿದ. ಗೆಣ್ಣಿನ ಕೆಳಗೆ ಮೂಗಿನ ಎಲುಬು ಲಟಕ್ಕೆಂದದ್ದು ಅವನ ಕೈಗೆ ತಿಳಿಯಿತು. ಆಮೇಲೂ ಗುದ್ದಿದ. ಮೇಸ್ತ್ರಿ ಎರಡೂ ಅಂಗೈ ಎತ್ತಿ, "ಸಾಕು, ಸಾಕು ಬಿಡೋ" ಎಂದಾಗ ಬಿಟ್ಟ. ಎದ್ದು, ಕೈ ತೊಳೆಯಲು ಶೆಡ್ಡಿನ ಹಿಂದಿನ ನಲ್ಲಿಯ ಕಡೆ ಹೋದ.

ಗರಗಸ ಕಿರುಚುತ್ತಲೇ ಇತ್ತು, ಬೇರೇನೂ ಕೇಳಿಸುವಂತಿರಲಿಲ್ಲ. ಅದನ್ನು ನಡೆಸುವ ಮುದುಕ ದಂಗಾಗಿ ನಿಂತಿದ್ದ. ದಿಮ್ಮಿ ತಿರುಗಿ ನೋಡಿದಾಗ ಮೇಸ್ತ್ರಿ ಕಂಬ ಹಿಡಿದು ಏಳಲು ನೋಡುತ್ತಿದ್ದ. ಭಾವನ ಕೈಯಲ್ಲಿ ಮರ ಎಳೆಯುವ ಕಬ್ಬಿಣದ ಕೊಕ್ಕೆ ಇತ್ತು. ಅದು ಮೇಸ್ತ್ರಿಯ ಕಿವಿಯ ಕೆಳಗೆ ಹೊಕ್ಕಿತು. ಭಾವ ಎಳೆದ, ಬರಲಿಲ್ಲ. ಮೇಸ್ತ್ರಿಯ ಹೆಗಲಿಗೆ ಕಾಲು ಕೊಟ್ಟು ಮತ್ತೆ ಎಳೆದ. ಕೊಕ್ಕೆಯ ಜೊತೆಗೇ ರಕ್ತ ಚಿಮ್ಮಿತು. ಮರದ ಹೊಟ್ಟು ಅದನ್ನೆಲ್ಲ ಗಟಗಟ ಕುಡಿಯಿತು. ಮೇಸ್ತ್ರಿ ಕಂಬವನ್ನು ತಬ್ಬಿಕೊಂಡೇ ಕುಸಿದ.

"ಓಡು" ಎಂದ ಭಾವ. ಇಬ್ಬರೂ ಓಡಿದರು.

ಓಡಿದವರು ಎಷ್ಟು ದೂರ ಓಡಿಯಾರು? ಸಿಕ್ಕಿಬಿದ್ದರು. ಭಾವನ ಅಣ್ಣ ವಕೀಲರನ್ನು ಗೊತ್ತುಮಾಡಿದ. ಬಿಳಿ ಕೂದಲು, ನಯವಾದ ದನಿ, ಎದುರಿಗಿದ್ದವನ ಹೆಗಲ ಮೇಲೆ ಕೈಯಿಟ್ಟೇ ಮಾತಾಡುವ ಅಭ್ಯಾಸ. ಜೈಲಿನಲ್ಲಿ ಅವರಿಗೆ ಬೆಣ್ಣೆ ವಕೀಲರು ಎಂದೇ ಹೆಸರು. ಅವರು ಮೊದಲ ದಿನವೇ ಇಬ್ಬರನ್ನೂ ಕೂರಿಸಿಕೊಂಡು, "ಆ ಹೊತ್ತಲ್ಲಿ ನೀವಿಬ್ಬರೂ ಮಿಲ್ಲಿನಲ್ಲೇ ಇರಲಿಲ್ಲ. ಇಷ್ಟೇ ವಿಷಯ. ಇದಕ್ಕಿಂತ ಒಂದಕ್ಷರ ಹೆಚ್ಚು ಹೇಳಿದ್ರೆ ಇಬ್ಬರೂ ಮುಳುಗ್ತೀರಿ" ಎಂದಿದ್ದರು. ದಿಮ್ಮಿ ಭಾವನ ಮುಖ ನೋಡಿದ. ಭಾವ ನೆಲ ನೋಡುತ್ತಿದ್ದ. ದಿಮ್ಮಿ ಗೋಣು ಆಡಿಸಿದ.

ಆದರೆ ಮಿಲ್ಲಿನ ಕೆಲಸಗಾರರು ಒಬ್ಬರಾದ ಮೇಲೊಬ್ಬರು ಬಂದು ಇವರಿಬ್ಬರೂ ಅಲ್ಲೇ ಇದ್ದರು ಎಂದು ಸಾಕ್ಷಿ ಹೇಳಿದರು. ಇರಲಿಲ್ಲ ಎಂಬ ಮಾತು ಮಣ್ಣುಪಾಲಾಯಿತು. ಇಬ್ಬರೂ ಸೇರಿಯೇ ಕೊಂದಿದ್ದಾರೆ ಎಂದು ನ್ಯಾಯಾಲಯ ಇಬ್ಬರಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು. ಬೆಣ್ಣೆ ವಕೀಲರು ಇಬ್ಬರ ಹೆಗಲ ಮೇಲೂ ಕೈಯಿಟ್ಟು, "ಮೇಲಿನ ಕೋರ್ಟಿದೆ, ಅಪೀಲು ಹಾಕೋಣ" ಎಂದರು. ಹಾಕಿದ್ದೂ ಆಯಿತು. ಅದರಲ್ಲೂ ಅದೇ ಹಾಡು, ಇಬ್ಬರೂ ಅಲ್ಲಿರಲಿಲ್ಲ.

ಹೀಗಿರುವಾಗ ಜೈಲಿಗೆ ಉಚಿತ ಕಾನೂನು ಸಲಹೆ ಕೊಡಲು ಒಬ್ಬ ಹೆಂಗಸು ಬರತೊಡಗಿದರು. ಐವತ್ತು ದಾಟಿದವರು, ಒಂದು ಕಾಲು ಸ್ವಲ್ಪ ಕುಂಟು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಕೈದಿಗಳು ಅವರನ್ನು ಲಾಯರಮ್ಮ ಎನ್ನುತ್ತಿದ್ದರು. ಅವರ ಬೆಂಚು ಹೊತ್ತು ತರಲು ವಾರ್ಡರು ದಿಮ್ಮಿಯನ್ನು ಕರೆದಿದ್ದ. ಬೆಂಚು ಇಳಿಸಿ ಹೊರಟವನನ್ನು ಅವರು, "ನಿಮ್ಮದೇನು ಕೇಸು?" ಎಂದು ಕೇಳಿದರು. ಜೈಲಿನೊಳಗೆ ಅವನಿಗೆ ಬಹುವಚನ ಕೊಟ್ಟವರು ಅವರೊಬ್ಬರೇ. ಆ ಬಹುವಚನಕ್ಕೇ ಇರಬೇಕು, ಅವನ ಬಾಯಿಂದ ಎಲ್ಲ ಹೊರಬಂತು, ರೀಪು, ಮೂಗು, ನಲ್ಲಿ, ಕೊಕ್ಕೆ.

ಮುಂದಿನ ಸಲ ಬರುವಾಗ ಲಾಯರಮ್ಮ ತೀರ್ಪನ್ನೂ ಸಾಕ್ಷಿಗಳ ಹೇಳಿಕೆಗಳನ್ನೂ ಓದಿಕೊಂಡು ಬಂದಿದ್ದರು.

"ಗರಗಸ ನಡೆಸೋ ಮುದುಕ ಕೋರ್ಟಲ್ಲೇ ಹೇಳಿದ್ದಾರೆ, ನೀವು ಬಿಟ್ಟೆದ್ದು ನಲ್ಲಿ ಕಡೆ ಹೋದ್ರಿ ಅಂತ. ಮೇಸ್ತ್ರಿ ಆಗ ಬದುಕಿದ್ದ ಅಂತ. ನಿಮ್ಮ ವಕೀಲರು ಅವರಿಗೆ ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಯಾಕೆ ಗೊತ್ತಾ?"

"ಗೊತ್ತಿಲ್ಲ ಮೇಡಂ."

"ಕೇಳಿದ್ರೆ ನೀವು ಉಳೀತೀರಿ, ನಿಮ್ಮ ಭಾವ ಸಿಕ್ಕಿಬೀಳ್ತಾರೆ. ಇಬ್ಬರಿಗೂ ಒಬ್ಬರೇ ವಕೀಲರಾದ್ರೆ ಹೀಗೇ ಆಗೋದು. ಮೇಲಿನ ಕೋರ್ಟಲ್ಲೂ ಅವರು ಕೇಳಲ್ಲ. ನಿಮ್ಮ ಪರ ಬೇರೆಯವರು ನಿಂತ್ರೆ ಮಾತ್ರ ಆ ಮಾತು ಎತ್ತಬಹುದು."

"ನೀವು ನಿಲ್ತೀರಾ?"

"ನಿಲ್ತೀನಿ. ಆದ್ರೆ ಅವರು ವಕಾಲತ್ತು ಬಿಟ್ಟುಕೊಡ್ತೀನಿ ಅಂತ ಸಹಿ ಹಾಕಬೇಕು. ಹಾಕದಿದ್ರೆ ನೀವೇ ಕೋರ್ಟಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೀಬೇಕು. ಯೋಚನೆ ಮಾಡಿ. ಇದು ಬರೀ ವಕೀಲರನ್ನ ಬಿಡೋ ವಿಷಯ ಅಲ್ಲ."

ಆ ಸಂಜೆ ಬ್ಯಾರಕ್ಕಿನಲ್ಲಿ ದಿಮ್ಮಿ ಭಾವನ ಪಕ್ಕದಲ್ಲೇ ಕುಳಿತು ನೇರವಾಗಿ ಹೇಳಿದ್ದ. ಕದ್ದುಮುಚ್ಚಿ ಮಾಡುವುದು ಅವನಿಗೆ ಬರುತ್ತಿರಲಿಲ್ಲ. "ಭಾವ, ನಾನು ಬೇರೆ ವಕೀಲರನ್ನ ಇಟ್ಕೋತೀನಿ. ನೀವು ಹೊಡೆದ್ರಿ ಅಂತ ನಾನು ಹೇಳಲ್ಲ. ನಾನು ಬಿಟ್ಟು ಹೋದೆ ಅಂತ ಮಾತ್ರ ಹೇಳಿಸ್ತೀನಿ."

"ನೀನು ಬಿಟ್ಟು ಹೋದ್ರೆ ಅಲ್ಲಿ ಉಳಿದೋನು ಯಾರೋ?" ಎಂದ ಭಾವ. ಸ್ವಲ್ಪ ಹೊತ್ತಿಗೆ ತೊಟ್ಟಿಯ ಬಳಿ ಆದದ್ದು ಆಯಿತು.

ಸುದ್ದಿ ತಿಳಿದು ಬೆಣ್ಣೆ ವಕೀಲರು ಓಡಿಬಂದರು. ಊದಿದ ತುಟಿಯ ದಿಮ್ಮಿಯ ಹೆಗಲ ಮೇಲೆ ಕೈಯಿಟ್ಟು, "ಮಗಾ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಅಪೀಲು ವಿಚಾರಣೆಗೆ ಬರೋ ಹೊತ್ತಲ್ಲಿ ಇದೆಲ್ಲ ಯಾಕೆ? ನಾನು ಸಹಿ ಹಾಕಲ್ಲ. ನೀನು ಜೈಲಲ್ಲೇ ಇರಬೇಕಾದೋನು, ನಿನ್ನ ಭಾವನೂ ಇಲ್ಲೇ ಇರ್ತಾನೆ. ಅವನ ಕೋಪ ನನ್ನ ಕೈಯಲ್ಲಿಲ್ಲ" ಎಂದರು. ಅಷ್ಟು ಮೃದುವಾಗಿ ಯಾರೂ ಅವನನ್ನು ಹೆದರಿಸಿರಲಿಲ್ಲ. ದಿಮ್ಮಿ ಆ ಕೈಯನ್ನು ಹೆಗಲಿನಿಂದ ತೆಗೆದು ಮೇಜಿನ ಮೇಲಿಟ್ಟ. ನಿಜ ಹೇಳಬೇಕೆಂದರೆ ಅವನ ಮನಸ್ಸು ಅರ್ಧ ಸೋತಿತ್ತು.

ಆ ವಾರ ಅಕ್ಕ ನೋಡಲು ಬಂದಳು. ಮೊದಲು ಗಂಡನ ಸರದಿ, ಆಮೇಲೆ ತಮ್ಮನದು. ಜಾಲರಿಯ ಆಚೆ ನಿಂತವಳು ಅವನ ಬಾಯನ್ನೇ ನೋಡಿದಳು.

"ಏನಾಯ್ತೋ ಹಲ್ಲಿಗೆ?"

"ಜಾರಿಬಿದ್ದೆ ಅಕ್ಕ."

"ಯಾರು ಜಾರಿಸಿದ್ದು ಅಂತ ಅವರೇ ಹೇಳಿದ್ರು. ನಿನ್ನ ತಮ್ಮನಿಗೆ ಬುದ್ಧಿ ಹೇಳು, ಇಲ್ಲಾಂದ್ರೆ ಹೆಣ ತಗೊಂಡು ಹೋಗೋಕೆ ಬಾ ಅಂದ್ರು."

"ಹೇಳು ಮತ್ತೆ ಬುದ್ಧಿ."

ಅಕ್ಕ ಜಾಲರಿಯೊಳಗೆ ಬೆರಳು ತೂರಿಸಿ ಹಿಡಿದುಕೊಂಡಳು. "ಓಡಿಬಂದ ದಿನವೇ ನಂಗೆ ಗೊತ್ತಾಗಿತ್ತು ಕಣೋ. ಇಬ್ಬರ ಅಂಗೀನೂ ಒಗೆದೋಳು ನಾನು. ನಿಂದರಲ್ಲಿ ತೋಳಿನ ತುದೀಲಿ ಮಾತ್ರ ರಕ್ತ ಇತ್ತು. ಅವರದ್ದನ್ನ ಹಿಂಡಿದಷ್ಟೂ ಬಕೆಟ್ಟು ಕೆಂಪಾಯ್ತು. ಒಂದು ಕಿವಿ ಹರಿದ್ರೆ ಅಷ್ಟು ಬರಲ್ಲ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಇಬ್ಬರೂ ಬರ್ತೀರಿ ಅಂತ ಆ ವಕೀಲರು ಹೇಳಿದ್ರು, ನಂಬಿದೆ. ಈಗ ಇಬ್ಬರೂ ಬರಲ್ಲ ಅಂತ ನಂಗೂ ಕಾಣ್ತಿದೆ."

"ನಾನೇನು ಮಾಡಲಿ? ನೀನು ಬೇಡ ಅಂದ್ರೆ ಬಿಟ್ಟುಬಿಡ್ತೀನಿ."

ಅಕ್ಕನಿಗೆ ಸಿಟ್ಟು ಬಂತು. "ನನ್ನ ಬಾಯಿಂದ ಯಾಕೋ ಹೇಳಿಸ್ತೀಯ? ನಾನು ಅವರ ಹೆಂಡತಿ, ನಿನ್ನ ಅಕ್ಕ. ಎರಡು ಕಡೆಯಿಂದ ಹಿಡಿದು ಸೀಳ್ತೀರಾ ನನ್ನ? ನಿಂಗೆ ಬಾಯಿ ಇದೆ. ಉಳಿದಿರೋ ಹಲ್ಲು ಬೀಳೋದಕ್ಕೆ ಮುಂಚೆ ಮಾತಾಡು, ಇಲ್ಲಾ ಸಾಯೋತನಕ ಸುಮ್ಮನಿರು. ನನ್ನ ಕೇಳಬೇಡ."

ಅಷ್ಟು ಹೇಳಿ ತಿರುಗಿಯೂ ನೋಡದೆ ಹೊರಟುಹೋದಳು. ಮರುದಿನ ದಿಮ್ಮಿ ಲಾಯರಮ್ಮನಿಗೆ ಅರ್ಜಿ ಬರೆಯಿರಿ ಎಂದು ಹೇಳಿ ಕಳಿಸಿದ.

ಜೈಲಿನಲ್ಲಿ ಗೋಡೆಗಳಿಗೂ ಬಾಯಿ ಇರುತ್ತದೆ. ಅರ್ಜಿ ಬರುವ ಮೊದಲೇ ಭಾವನಿಗೆ ವಿಷಯ ಮುಟ್ಟಿತು. ಮರಗೆಲಸದ ಶೆಡ್ಡಿನಲ್ಲಿ ದಿಮ್ಮಿ ಬಗ್ಗಿ ಬೆಂಚಿನ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಬೆನ್ನಿನ ಮೇಲ್ಭಾಗದಲ್ಲಿ ಬೆಂಕಿ ಇಟ್ಟಂತಾಯಿತು. ತಿರುಗಿದರೆ ಭಾವ, ಕೈಯಲ್ಲಿ ಉಳಿ. ಎರಡನೆಯ ಬಾರಿ ಬೀಸಿದ್ದು ಎದೆಗೆ. ದಿಮ್ಮಿ ಅಂಗೈ ಅಡ್ಡ ಹಿಡಿದ. ಉಳಿ ಅಂಗೈಯ ಈ ಕಡೆ ಹೊಕ್ಕು ಆ ಕಡೆ ತಲೆ ಹಾಕಿತು.

ಆ ಕ್ಷಣ ದಿಮ್ಮಿಗೆ ನೋವೇ ಆಗಲಿಲ್ಲ. ಉಳಿ ನೆಟ್ಟ ಕೈಯಿಂದಲೇ ಭಾವನ ಕೈಯನ್ನು ಉಳಿಯ ಹಿಡಿಕೆಯ ಸಮೇತ ಮುಷ್ಟಿ ಕಟ್ಟಿ ಹಿಡಿದು, ಅವನನ್ನು ಕೆಲಸದ ಮೇಜಿನ ಮೇಲೆ ಅಂಗಾತ ಕೆಡವಿ, ಇನ್ನೊಂದು ಮುಂಗೈಯನ್ನು ಗಂಟಲಿಗೆ ಅಡ್ಡ ಕೊಟ್ಟು ತನ್ನ ಭಾರವನ್ನೆಲ್ಲ ಬಿಟ್ಟ. ಭಾವನ ಕಾಲುಗಳು ಮೇಜಿನ ಅಂಚಿಗೆ ಪಟಪಟ ಬಡಿದವು. ಮುಖ ಕಪ್ಪಿಟ್ಟಿತು, ನಾಲಗೆ ಹೊರಬಂತು. ಮೂಲೆಯಿಂದ ಯಾರೋ ಖುಷಿಯಿಂದ, "ಅಮುಕು, ಅಮುಕು, ಮುಗಿಸಿಬಿಡು" ಎಂದು ಕೂಗುತ್ತಿದ್ದರು. ದಿಮ್ಮಿ ಅಮುಕಿದ. ಅಮುಕುವುದು ಎಷ್ಟು ಸುಲಭ ಎಂದು ಅವನಿಗೇ ದಿಗಿಲಾಯಿತು. ಮೇಜಿಗೆ ಒತ್ತಿಹೋದ ಆ ಮುಖದ ಪಕ್ಕದಲ್ಲಿ ಹರಿದು ವಕ್ರವಾಗಿ ಕೂಡಿಕೊಂಡ ಕಿವಿ ಕಾಣಿಸಿತು. ಈ ಕಿವಿಗಾಗಿಯೇ ಅಲ್ಲವೇ ತಾನು ಹೆಗಲ ಮೇಲಿನ ಮರ ಎಸೆದು ಓಡಿದ್ದು?

ಮುಂಗೈ ಸಡಿಲಿಸಿದ. ಭಾವ ಕರುಳು ಕಿತ್ತುಬರುವಂತೆ ಉಸಿರೆಳೆದ. ಆ ಉಸಿರು ಒಳಗೆ ಹೋದದ್ದೇ ತಡ, ಸಡಿಲಾದ ಮುಂಗೈಗೆ ಹಲ್ಲು ನಾಟಿ ಒಂದು ತುಂಡು ಮಾಂಸ ಕಿತ್ತ.

ಅಷ್ಟರಲ್ಲಿ ವಾರ್ಡರುಗಳು ಲಾಠಿ ಹಿಡಿದು ಮುಗಿಬಿದ್ದರು. ಯಾರು ಶುರುಮಾಡಿದ್ದು ಎಂದು ಯಾರೂ ಕೇಳಲಿಲ್ಲ. ಇಬ್ಬರನ್ನೂ ನೆಲಕ್ಕೆ ಹಾಕಿ ಭತ್ತ ಬಡಿದಂತೆ ಬಡಿದರು. ದಿಮ್ಮಿಯ ಪಕ್ಕೆಲುಬು ಬಿರಿಯಿತು, ಭಾವನ ಹೆಗಲಿನ ಎಲುಬು ಮುರಿಯಿತು. ಒಬ್ಬರ ಪಕ್ಕ ಒಬ್ಬರು ಬಿದ್ದುಕೊಂಡು ಏಟು ತಿನ್ನುವಾಗ ಭಾವ, "ಅಯ್ಯೋ, ಅವನ ಕೈಯಲ್ಲಿ ಉಳಿ ಇದೆ, ಅದನ್ನ ಮೊದಲು ಕೀಳ್ರೋ" ಎಂದು ಚೀರಿದ. ಯಾಕೆ ಹಾಗೆ ಚೀರಿದನೋ, ದಿಮ್ಮಿಗೆ ಇವತ್ತಿಗೂ ತಿಳಿದಿಲ್ಲ.

ಜೈಲಿನ ಆಸ್ಪತ್ರೆಗೆ ಲಾಯರಮ್ಮ ಅರ್ಜಿ ಹಿಡಿದು ಬಂದರು. ಬಟ್ಟೆ ಸುತ್ತಿದ ಕೈ, ಪಟ್ಟಿ ಬಿಗಿದ ಎದೆ ನೋಡಿ ಕುರ್ಚಿಯಲ್ಲಿ ಕುಳಿತರು.

"ಈಗಲೂ ವಕೀಲರನ್ನ ಬದಲಾಯಿಸಬೇಕಾ?"

"ಈಗ ಬದಲಾಯಿಸದಿದ್ರೆ ಇಷ್ಟೆಲ್ಲ ತಿಂದದ್ದು ದಂಡ ಮೇಡಂ."

ಅವರು ಮೊದಲ ಬಾರಿಗೆ ಸ್ವಲ್ಪ ನಕ್ಕರು. ದಿಮ್ಮಿ ಎಡಗೈಯಲ್ಲಿ ಸಹಿ ಮಾಡಿದ. ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದಂತಿತ್ತು ಅದು.

ಮೇಲಿನ ನ್ಯಾಯಾಲಯದಲ್ಲಿ ಇಬ್ಬರನ್ನೂ ಬೇಡಿ ಹಾಕಿ ನಿಲ್ಲಿಸಿದರು, ನಡುವೆ ಒಬ್ಬ ಪೊಲೀಸು. ಬೆಣ್ಣೆ ವಕೀಲರು ಎದ್ದು, "ಸ್ವಾಮಿ, ಈ ಅಮಾಯಕನ ತಲೆಯನ್ನು ಯಾರೋ ಕೆಡಿಸಿದ್ದಾರೆ. ಮೊದಲಿನಿಂದಲೂ ಈ ಕೇಸನ್ನು ಮಗುವಿನ ಹಾಗೆ ನೋಡಿಕೊಂಡವನು ನಾನು. ಈ ಹಂತದಲ್ಲಿ ಬದಲಾವಣೆಗೆ ಅವಕಾಶ ಕೊಡಬಾರದು" ಎಂದರು.

ನ್ಯಾಯಾಧೀಶರು ದಿಮ್ಮಿಯನ್ನೇ ನೇರವಾಗಿ ಕೇಳಿದರು. "ಇವರ ಮೇಲೆ ನಿನಗೇನು ದೂರು?"

ಲಾಯರಮ್ಮ ಅವನಿಗೆ ಒಂದಿಷ್ಟು ಮಾತು ಹೇಳಿಕೊಟ್ಟಿದ್ದರು. ಎಲ್ಲ ಮರೆತುಹೋಯಿತು. ಹಲ್ಲಿಲ್ಲದ ಬಾಯಿಂದ ಗಾಳಿ ಸೋರುತ್ತ, "ದೂರಿಲ್ಲ ಸ್ವಾಮಿ. ಇವರು ಭಾವನ ವಕೀಲರು. ನನಗೆ ಇಷ್ಟು ದಿನ ವಕೀಲರೇ ಇರಲಿಲ್ಲ" ಎಂದ.

ಮರುಗಳಿಗೆ ಭಾವ ಪೊಲೀಸನನ್ನು ಹೆಗಲಿನಿಂದ ನೂಕಿ ಬೇಡಿ ಹಾಕಿದ ಕೈಯಿಂದಲೇ ದಿಮ್ಮಿಯ ಮುಖಕ್ಕೆ ಬಾರಿಸಿದ. ಬೇಡಿಯ ಅಂಚು ತಾಗಿ ಹುಬ್ಬು ಒಡೆಯಿತು, ಕಟಕಟೆಯ ಮೇಲೆ ರಕ್ತ ತೊಟ್ಟಿಕ್ಕಿತು. ಅವನನ್ನು ನೆಲಕ್ಕೆ ಕೆಡವಿ ಹಿಡಿದು ಹೊರಗೆ ಎಳೆದೊಯ್ಯಬೇಕಾಯಿತು. ಬೆಣ್ಣೆ ವಕೀಲರು ಕೈಯಲ್ಲಿದ್ದ ಕಾಗದಗಳನ್ನು ಸುಮ್ಮನೆ ಜೋಡಿಸುತ್ತ ಕುಳಿತರು. ನ್ಯಾಯಾಧೀಶರು ಅಲ್ಲೇ ಆದೇಶ ಬರೆಸಿದರು. ದಿಮ್ಮಿಗೆ ಬೇರೆ ವಕೀಲರು, ಭಾವನಿಗೆ ಬೇರೆ. ಇಬ್ಬರನ್ನೂ ಬೇರೆ ಬೇರೆ ಜೈಲಿನಲ್ಲಿ ಇಡಬೇಕು.

ಆಮೇಲೆ ವಾದ ನಡೆಯಿತು. ಲಾಯರಮ್ಮ ಹೊಸದೇನನ್ನೂ ತರಲಿಲ್ಲ. ಗರಗಸದ ಮುದುಕನ ಹೇಳಿಕೆಯನ್ನು ಓದಿದರು. ಹೆಣ ಪರೀಕ್ಷೆ ಮಾಡಿದ ಡಾಕ್ಟರರ ಮಾತನ್ನು ಓದಿದರು. ಮೂಗು ಮುರಿದದ್ದು ಕೈಯಿಂದ, ಜೀವ ಹೋದದ್ದು ಕುತ್ತಿಗೆಗೆ ಹೊಕ್ಕ ಕೊಕ್ಕೆಯಿಂದ. "ಬಿಟ್ಟು ಹೋದವನನ್ನು, ಬಿಡದೆ ಹೊಡೆದವನ ಜೊತೆ ಒಂದೇ ಹಗ್ಗದಲ್ಲಿ ಕಟ್ಟಲಾಗಿದೆ" ಎಂದರು. ತೀರ್ಪು ಬಂದಾಗ ದಿಮ್ಮಿಯ ಮೇಲಿನ ಕೊಲೆಯ ಆರೋಪ ಬಿದ್ದುಹೋಯಿತು. ಹೊಡೆದು ಗಾಯ ಮಾಡಿದ್ದಕ್ಕೆ ಶಿಕ್ಷೆ ಉಳಿಯಿತು, ಅದನ್ನು ಅವನು ಆಗಲೇ ಅನುಭವಿಸಿ ಮುಗಿಸಿದ್ದ. ಭಾವನ ಜೀವಾವಧಿ ಹಾಗೇ ಉಳಿಯಿತು.

ಬಿಡುಗಡೆಯಾದ ದಿಮ್ಮಿ ನೆಟ್ಟಗೆ ಅಕ್ಕನ ಮನೆಗೆ ಹೋದ. ಅಕ್ಕ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವನನ್ನು ನೋಡಿ ಎದ್ದು ನಿಂತಳು. ಕೈಯಲ್ಲಿ ಬಟ್ಟೆ ಬಡಿಯುವ ಕೋಲಿತ್ತು. ಅದರಿಂದಲೇ ಅವನ ತೋಳಿಗೆ ಬಾರಿಸಿದಳು. ಬೆನ್ನಿಗೆ ಬಾರಿಸಿದಳು. ಮೊಣಕಾಲಿಗೆ, ತೊಡೆಗೆ, ಹೆಗಲಿಗೆ, ಎಲ್ಲೆಂದರಲ್ಲಿ. ದಿಮ್ಮಿ ತಲೆಯನ್ನು ಮಾತ್ರ ಕೈಯಿಂದ ಮುಚ್ಚಿಕೊಂಡು ನಿಂತ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಕೋಲು ಬಿರಿದು ಎರಡು ಸೀಳಾದಾಗ ಅಕ್ಕ ಅದನ್ನು ಎಸೆದು, ಒದ್ದೆ ನೆಲದ ಮೇಲೆ ಕುಳಿತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

"ನಾನೇನು ತಪ್ಪು ಮಾಡಿದೆ ಅಕ್ಕ?"

"ಏನೂ ಮಾಡಿಲ್ಲ. ಅದಕ್ಕೇ ಹೊಡೆದೆ. ತಪ್ಪು ಮಾಡಿದೋರು ಕೈಗೆ ಸಿಗೋ ಜಾಗದಲ್ಲಿಲ್ಲ" ಎಂದಳು. ಕಣ್ಣೊರೆಸಿಕೊಂಡು, "ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು. ಹೊರಡು. ಸದ್ಯಕ್ಕೆ ಈ ಕಡೆ ಬರಬೇಡ" ಎಂದಳು.

ಅವನು ಕುಂಟುತ್ತ ಹೊರಟ. ಊರಿನ ಇನ್ನೊಂದು ತುದಿಯಲ್ಲಿ ಗೋದಾಮೊಂದರ ಹಿಂದೆ ಒಂದು ಕೋಣೆ ಹಿಡಿದ. ಅಲ್ಲೇ ಮೂಟೆ ಹೊರುವ ಕೆಲಸ ಸಿಕ್ಕಿತು. ಉಳಿ ತೂರಿದ ಕೈಯ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಭಾರವನ್ನೆಲ್ಲ ಇನ್ನೊಂದು ಹೆಗಲಿಗೆ ಹಾಕಿಕೊಳ್ಳಲು ಕಲಿತ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಕ್ಕ ನಿಂತಿದ್ದಳು, ಇಬ್ಬರು ಮಕ್ಕಳನ್ನು ಮುಂದೆ ಮಾಡಿಕೊಂಡು.

"ಅವರನ್ನ ನೋಡೋಕೆ ಹೋಗಬೇಕು. ಹೊಸ ಜೈಲು ದೂರ, ಇವರನ್ನ ಕಟ್ಕೊಂಡು ಬಸ್ಸು ಹತ್ತೋಕಾಗಲ್ಲ. ಸಂಜೇತನಕ ನೋಡ್ಕೋ" ಎಂದು, ಒಳಗೂ ಬರದೆ ಹೋದಳು.

ಮಕ್ಕಳು ಮೂಟೆಗಳ ಮೇಲೆ ಹತ್ತಿ ಹಾರಿದರು, ಜಗಳವಾಡಿದರು, ಒಬ್ಬರ ಕೂದಲು ಒಬ್ಬರು ಹಿಡಿದೆಳೆದರು. ದಿಮ್ಮಿ ಇಬ್ಬರನ್ನೂ ಒಂದೊಂದು ಕಂಕುಳಲ್ಲಿ ಎತ್ತಿ ಬೇರೆ ಬೇರೆ ಮೂಲೆಯಲ್ಲಿ ಕೂರಿಸಿದ. ಅನ್ನ ಮಾಡಿ ಬಡಿಸಿದ. ಉಂಡು ಅಲ್ಲೇ ಮಲಗಿದರು.

ಹೊತ್ತು ಮುಳುಗುವ ಸಮಯಕ್ಕೆ ಅಕ್ಕ ಬಂದಳು. ಧೂಳು ಮೆತ್ತಿದ ಮುಖವನ್ನು ಸೆರಗಿನಿಂದ ಒರೆಸಿಕೊಂಡು ಹೊಸ್ತಿಲ ಮೇಲೆ ಕುಳಿತಳು. ದಿಮ್ಮಿ ನೀರು ಕೊಟ್ಟ. ಕುಡಿದಳು.

"ನಿನ್ನ ವಿಷಯ ಕೇಳಿದ್ರು" ಎಂದಳು.

"ಏನಂತ?"

"ಬದುಕಿದ್ದಾನಾ ಅಂತ."

"ಏನಂದೆ?"

"ಇದ್ದಾನೆ ಅಂದೆ. ಕೈ ಸರಿಯಾಯ್ತಾ ಅಂದ್ರು. ಇಲ್ಲ ಅಂದೆ. ಅಷ್ಟೇ. ಆಮೇಲೆ ಟೈಮಾಯ್ತು ಅಂತ ವಾರ್ಡರು ಎಬ್ಬಿಸಿದ್ರು."

ಮಲಗಿದ್ದ ಮಕ್ಕಳಲ್ಲಿ ದೊಡ್ಡದನ್ನು ದಿಮ್ಮಿ ಎತ್ತಿ ಹೆಗಲಿಗೆ ಹಾಕಿಕೊಂಡ, ಚಿಕ್ಕದನ್ನು ಅಕ್ಕ ಎತ್ತಿಕೊಂಡಳು. ಬಸ್ ನಿಲ್ದಾಣದವರೆಗೂ ನಡೆದರು. ಬಸ್ಸು ಹತ್ತುವ ಮುನ್ನ ಅಕ್ಕ, "ಮುಂದಿನ ತಿಂಗಳೂ ಬಿಟ್ಟು ಹೋಗ್ತೀನಿ" ಎಂದಳು. ದಿಮ್ಮಿ "ಹೂಂ" ಎಂದ.